‘ನಡದೈತಲ್ಲ, ಬಿಡ್ರಿ’ ಎಂಬ ದುಬಾರಿ ಮಾತು

ಗದಗ-ಬೆಟಗೇರಿಯ ದಲಾಲಿ ಅಂಗಡಿಗಳಲ್ಲಿ, ಲಕ್ಷ್ಮೇಶ್ವರದ ಬೀಜ-ಗೊಬ್ಬರದ ಅಂಗಡಿಗಳಲ್ಲಿ, ಶಿರಹಟ್ಟಿ, ಮುಂಡರಗಿಯ ಪತ್ತಿನ ಸಂಘಗಳಲ್ಲಿ ಕಂಪ್ಯೂಟರಿನ ವಿಷಯ ಎತ್ತಿದರೆ ಕೇಳಿಬರುವ ಮಾತು ಒಂದೇ: ‘ನಡದೈತಲ್ಲ, ಬಿಡ್ರಿ. ಸುಮ್ನ ಯಾಕ ಕೈ ಹಚ್ಚತೀರಿ?’ ಸಾಫ್ಟ್‌ವೇರ್ ಬರೆದುಕೊಡುವವರಲ್ಲೂ ಇದೇ ನಂಬಿಕೆ ಇದೆ. ‘ಬಿಡಿಬಿಡಿ ಮಾಡ್ಯೂಲ್ ಮಾಡಿ ಕಟ್ಟೋದು ಬೆಂಗಳೂರಿನ ದೊಡ್ಡ ಕಂಪನಿಗೋಳಿಗ್ರಿ. ನಮ್ಮ ಗಿರಾಕಿಗೆ ಸೋಮವಾರ ಬಿಲ್ ಬಂದ್ರ ಸಾಕು’ ಎಂದು ಅವರು ಹೇಳುತ್ತಾರೆ. ಕೊಳ್ಳುವವರೂ ಮಾಡುವವರೂ ಒಪ್ಪಿಕೊಂಡುಬಿಟ್ಟ ಮಾತಾದ್ದರಿಂದ ಅದನ್ನು ಕೆಣಕುವವರೇ ಇಲ್ಲವಾಗಿದ್ದಾರೆ.

ಈ ಮಾತು ತಪ್ಪು ಎಂದು ನಾನು ಹೇಳುತ್ತೇನೆ. ಬಿಡಿಭಾಗಗಳಾಗಿ ಕಟ್ಟಿದ ಸಾಫ್ಟ್‌ವೇರ್ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಸಣ್ಣ ಊರಿಗೆ. ದೊಡ್ಡ ಕಂಪನಿಯೊಂದು ಕೆಟ್ಟದಾಗಿ ಹೆಣೆದ ಸಾಫ್ಟ್‌ವೇರನ್ನೂ ಹಣ ಸುರಿದು, ಹತ್ತಾರು ಜನರನ್ನು ಕೂರಿಸಿ ಹೇಗೋ ಸಂಭಾಳಿಸಬಲ್ಲದು. ಗದಗಿನ ಅಂಗಡಿಗೆ ಆ ತಾಕತ್ತಿಲ್ಲ. ಇಲ್ಲಿ ಸಾಫ್ಟ್‌ವೇರ್ ಬರೆಯುವವನು ಸಾಮಾನ್ಯವಾಗಿ ಒಬ್ಬನೇ. ಕೆಲಸ ಸಿಕ್ಕ ಕೂಡಲೇ ಅವನು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುತ್ತಾನೆ. ಹೋಗುವುದು ತಪ್ಪೂ ಅಲ್ಲ. ಅವನು ಬರೆದದ್ದು ಮಾತ್ರ ಇಲ್ಲೇ ಉಳಿದು ವರ್ಷಗಟ್ಟಲೆ ಓಡಬೇಕು. ಬರೆದವನು ಇಲ್ಲದಾಗ ಇನ್ನೊಬ್ಬನು ಬಂದು ಓದಿ, ತಿಳಿದು, ತಿದ್ದಬೇಕು. ಅದು ಸಾಧ್ಯವಾಗುವ ಹಾಗೆ ಬರೆಯುವುದನ್ನು ಐಷಾರಾಮ ಎಂದು ಕರೆಯುವವರು ಯಾರ ದುಡ್ಡಿನಲ್ಲಿ ಉಳಿತಾಯ ಮಾಡುತ್ತಿದ್ದಾರೆ ಎಂಬುದನ್ನು ಕೇಳಲೇಬೇಕು.

‘ಕೈ ಹಚ್ಚಬ್ಯಾಡ್ರಿ’ ಎನ್ನುವವರ ಮೊದಲ ತಪ್ಪು ಎಂದರೆ, ಕೈ ಹಚ್ಚುವುದೂ ಬಿಡುವುದೂ ತಮ್ಮ ಕೈಯಲ್ಲಿದೆ ಎಂದು ಅವರು ತಿಳಿದಿರುವುದು. ಸಾಫ್ಟ್‌ವೇರ್ ತನ್ನಷ್ಟಕ್ಕೆ ಸವೆಯುವುದಿಲ್ಲ, ನಿಜ. ಆದರೆ ಅದು ಯಾವ ಲೋಕದ ಲೆಕ್ಕ ಬರೆಯುತ್ತದೋ ಆ ಲೋಕ ಸುಮ್ಮನೆ ಕೂರುವುದಿಲ್ಲ. ಮ್ಯಾನಿ ಲೆಹ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ 1970ರ ದಶಕದಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟರು: ಜನಜೀವನದ ನಡುವೆ ಬಳಕೆಯಾಗುವ ಪ್ರೋಗ್ರಾಂ ಸದಾ ಬದಲಾಗುತ್ತಿರಬೇಕು, ಬದಲಾಗದಿದ್ದರೆ ದಿನದಿನಕ್ಕೆ ಅದರ ಉಪಯೋಗ ಕುಗ್ಗುತ್ತದೆ.

ಇದಕ್ಕೆ ಪುರಾವೆ ಬೇಕೆಂದರೆ ವಿದೇಶಕ್ಕೆ ಹೋಗಬೇಕಿಲ್ಲ, ನಮ್ಮ ಊರುಗಳ ವಿಳಾಸವನ್ನೇ ನೋಡಿ. ಸ್ವಾತಂತ್ರ್ಯಕ್ಕೆ ಮೊದಲು ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಗದಗ ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು. ಸಂಸ್ಥಾನಗಳು ವಿಲೀನವಾದ ಮೇಲೆ ಎಲ್ಲವೂ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದವು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಅದಕ್ಕೇ ಕರ್ನಾಟಕ ಎಂಬ ಹೆಸರು, 1997ರಲ್ಲಿ ಪ್ರತ್ಯೇಕ ಗದಗ ಜಿಲ್ಲೆ, 2018ರ ಹೊತ್ತಿಗೆ ಶಿರಹಟ್ಟಿಯಿಂದ ಬೇರೆಯಾದ ಲಕ್ಷ್ಮೇಶ್ವರ ತಾಲ್ಲೂಕು. ಶಿಗ್ಲಿಯ ಹೊಲ ಇದ್ದಲ್ಲೇ ಇದೆ, ಬಾಲೆಹೊಸೂರಿನ ಬದು ಅಲುಗಿಲ್ಲ. ಅವು ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ರಾಜ್ಯ ಎಂಬ ಉತ್ತರ ಮಾತ್ರ ಒಂದು ಜೀವಮಾನದೊಳಗೆ ಹಲವು ಬಾರಿ ಬದಲಾಯಿತು.

ಈಗ ಒಂದು ಸಂಘದ ಸಾಲದ ಸಾಫ್ಟ್‌ವೇರ್ ನೆನೆಯಿರಿ. ಅದರಲ್ಲಿ ಸದಸ್ಯರ ಸಂಖ್ಯೆಯ ಮೊದಲ ಎರಡು ಅಂಕಿಯೇ ತಾಲ್ಲೂಕು ಎಂದು ಬರೆದವನು ನಿರ್ಧರಿಸಿದ್ದಾನೆ. ಹೊಸ ತಾಲ್ಲೂಕು ಆದ ದಿನ ಶಿಗ್ಲಿಯ ಸದಸ್ಯರ ಸಂಖ್ಯೆಯೇ ಬದಲಾಗಬೇಕು. ಸಂಖ್ಯೆ ಬದಲಾದರೆ ಹಳೆಯ ಸಾಲದ ದಾಖಲೆ ಜೋಡಣೆ ತಪ್ಪುತ್ತದೆ. ಬದಲಾಯಿಸದೆ ಬಿಟ್ಟರೆ ಲಕ್ಷ್ಮೇಶ್ವರ ತಾಲ್ಲೂಕಿನ ವರದಿಯಲ್ಲಿ ಶಿಗ್ಲಿ ಕಾಣುವುದಿಲ್ಲ. ಮನುಷ್ಯನ ಗುರುತು ಒಂದು, ಅವನ ಊರು ಇಂದು ಯಾವ ತಾಲ್ಲೂಕಿಗೆ ಸೇರಿದೆ ಎಂಬುದು ಇನ್ನೊಂದು. ಎರಡನ್ನೂ ಬೇರೆ ಕಡೆ ಇಟ್ಟಿದ್ದರೆ ಆ ದಿನ ಒಂದು ಪಟ್ಟಿಯಲ್ಲಿ ಊರಿನ ಮುಂದಿನ ತಾಲ್ಲೂಕಿನ ಹೆಸರು ತಿದ್ದಿ ಎದ್ದುಹೋಗಬಹುದಿತ್ತು. ಇಟ್ಟಿಲ್ಲದವನಿಗೆ ಸದಸ್ಯರ ಇಡೀ ಪಟ್ಟಿಯನ್ನೇ ಬುಡಮೇಲು ಮಾಡುವ ಕೆಲಸ. ಆ ಕೆಲಸ ಬರೆಯುವಾಗ ಉಳಿಸಿದ ಅರ್ಧ ದಿನದ ಬಡ್ಡಿ.

ಬಿಡಿಭಾಗ ಎಂದರೆ ಏನು ಎಂಬುದರಲ್ಲೇ ನಮ್ಮಲ್ಲಿ ದೊಡ್ಡ ಗೊಂದಲವಿದೆ. ಉದ್ದನೆಯ ಕೋಡನ್ನು ಹತ್ತು ಫೈಲುಗಳಲ್ಲಿ ಹಂಚಿ ಹಾಕಿದರೆ ಮಾಡ್ಯೂಲ್ ಆಯಿತು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಡೇವಿಡ್ ಪಾರ್ನಸ್ 1972ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಗೊಂದಲವನ್ನು ಅಂದೇ ಬಿಡಿಸಿತ್ತು. ಒಂದು ಸಣ್ಣ ಪ್ರೋಗ್ರಾಂ ತೆಗೆದುಕೊಂಡು ಅವರು ಎರಡು ಬಗೆಯಲ್ಲಿ ಭಾಗ ಮಾಡಿ ತೋರಿಸಿದರು. ಮೊದಲನೆಯದರಲ್ಲಿ ಕೆಲಸ ನಡೆಯುವ ಕ್ರಮವೇ ಭಾಗಗಳ ಕ್ರಮ: ಮೊದಲು ಓದು, ಆಮೇಲೆ ಜೋಡಿಸು, ಆಮೇಲೆ ಮುದ್ರಿಸು. ಎರಡನೆಯದರಲ್ಲಿ ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಪಟ್ಟಿ ಮಾಡಿ, ಒಂದೊಂದು ತೀರ್ಮಾನವನ್ನು ಒಂದೊಂದು ಭಾಗದೊಳಗೆ ಮುಚ್ಚಿಟ್ಟರು. ಮೊದಲ ಬಗೆಯಲ್ಲಿ ಕೆಲವು ಬದಲಾವಣೆಗಳಿಗೆ ಎಲ್ಲ ಭಾಗಗಳನ್ನು ಮುಟ್ಟಬೇಕಾಯಿತು, ಎರಡನೆಯದರಲ್ಲಿ ಅವಕ್ಕೇ ಒಂದು ಭಾಗ ಸಾಕಾಯಿತು. ಎಲ್ಲಿ ಕತ್ತರಿಸಬೇಕೆಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೂ ಇದಕ್ಕಿಂತ ಒಳ್ಳೆಯ ಉತ್ತರ ಬಂದಿಲ್ಲ: ಯಾವುದು ಬದಲಾಗುತ್ತದೋ ಅದರ ಸುತ್ತ ಗೆರೆ ಎಳೆಯಿರಿ.

ಈ ಮಾತನ್ನು ಗದಗ ಎಪಿಎಂಸಿಯ ಒಂದು ಬಿಲ್ಲಿನ ಮೇಲೆ ಇಟ್ಟು ನೋಡೋಣ. ಹೆಸರುಕಾಳಿನ ಸುಗ್ಗಿ. ಒಬ್ಬ ಖರೀದಿದಾರ ಮೂರು ಲಾಟ್ ಹೆಸರು ಹಿಡಿದಿದ್ದಾನೆ. ಒಂದೊಂದು ಲಾಟ್ 12 ಕ್ವಿಂಟಲ್, ಕ್ವಿಂಟಲಿಗೆ 7,200 ರೂಪಾಯಿ ದರ. ಲಾಟಿಗೆ 86,400 ರೂಪಾಯಿ. ನಮ್ಮ ರಾಜ್ಯದಲ್ಲಿ ದಲಾಲಿಯೂ ಮಾರುಕಟ್ಟೆ ಶುಲ್ಕವೂ ಖರೀದಿದಾರನ ಮೇಲೆ ಬೀಳುತ್ತವೆ. ಶುಲ್ಕ ನೂರಕ್ಕೆ 60 ಪೈಸೆ ಎಂದಿಟ್ಟುಕೊಳ್ಳಿ. ಮಂಡಿಯವರು ಅದನ್ನು ಸೆಸ್ ಎನ್ನುತ್ತಾರೆ. ಲಾಟಿಗೆ 518 ರೂಪಾಯಿ 40 ಪೈಸೆ ಆಯಿತು.

ಬಿಲ್ ಮುದ್ರಿಸುವ ಕಡೆ ಬರೆದವನು ಪ್ರತಿ ಲಾಟಿನ ಸೆಸ್ಸನ್ನು ಪೂರ್ಣ ರೂಪಾಯಿಗೆ ತಂದಿದ್ದಾನೆ: 518ರಂತೆ ಮೂರು ಲಾಟಿಗೆ 1,554. ದಿನದ ಕೊನೆಯ ವರದಿಯಲ್ಲಿ ಅದೇ ಸೂತ್ರವನ್ನು ಮತ್ತೆ ಬರೆದಿದ್ದಾನೆ, ಅಲ್ಲಿ ಮೂರು ಲಾಟಿನ ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಿದ್ದಾನೆ: 1,555 ರೂಪಾಯಿ 20 ಪೈಸೆ, ಪೂರ್ಣಕ್ಕೆ ತಂದರೆ 1,555. ಒಂದು ರೂಪಾಯಿ ವ್ಯತ್ಯಾಸ. ಸುಗ್ಗಿಯ ದಿನ ಇಂಥ ಬಿಲ್ಲುಗಳು ಎಷ್ಟೋ. ಅಂಗಡಿ ಮುಚ್ಚಿದ ಮೇಲೂ ಲೆಕ್ಕ ಬರೆಯುವ ದಿವಾನಜಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ರೂಪಾಯಿಗಳನ್ನು ಹುಡುಕುತ್ತ ಕೂರುತ್ತಾನೆ. ತಪ್ಪು ಅವನದಲ್ಲ, ಗಣಿತದ್ದೂ ಅಲ್ಲ. ಸೆಸ್ ಲೆಕ್ಕ ಎಂಬ ಒಂದೇ ಕೆಲಸವನ್ನು ಎರಡು ಕಡೆ ಬರೆದದ್ದು ತಪ್ಪು. ವರ್ಷದ ವರದಿಯಲ್ಲಿ ಮೂರನೆಯ ಬಾರಿ ಬರೆದಿದ್ದರೆ ಅಲ್ಲಿ ಇನ್ನೊಂದು ಉತ್ತರ ಸಿಕ್ಕರೂ ಆಶ್ಚರ್ಯವಿಲ್ಲ.

ಈ ಸೆಸ್ಸಿನ ಪ್ರಮಾಣವಾದರೂ ನಿಂತಲ್ಲಿ ನಿಂತಿದೆಯೇ? 2020ರಲ್ಲಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ಬಂತು, ಮಾರುಕಟ್ಟೆ ಶುಲ್ಕವೂ ಇಳಿಯಿತು. ಮುಂದೆ ಬಂದ ಸರ್ಕಾರ ಆ ತಿದ್ದುಪಡಿಯನ್ನು ಹಿಂತೆಗೆಯಲು ಮಸೂದೆ ತಂದಿತು. ಸರ್ಕಾರದ ನೀತಿ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅಂಗಡಿಯ ಸಾಫ್ಟ್‌ವೇರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಆ ಸಂಖ್ಯೆ ಬದಲಾಗುವ ಸಂಖ್ಯೆ. ಅದನ್ನು ಕೋಡಿನ ಹೊಟ್ಟೆಯೊಳಗೆ ಎಲ್ಲೆಂದರಲ್ಲಿ ಬಿತ್ತಿಟ್ಟವನು, ಪ್ರತಿ ಬದಲಾವಣೆಗೂ ತನ್ನನ್ನೇ ಕರೆಯಬೇಕಾದ ಸ್ಥಿತಿಗೆ ಗಿರಾಕಿಯನ್ನು ತಂದಿಟ್ಟಿದ್ದಾನೆ.

ಜಿಎಸ್‌ಟಿ ಇದನ್ನು ಇನ್ನಷ್ಟು ಖಡಕ್ಕಾಗಿ ತೋರಿಸಿತು. 2017ರ ಜುಲೈ 1ರಂದು ಹಳೆಯ ವ್ಯಾಟ್ ಹೋಗಿ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳನ್ನು ತೆಗೆದು ಬಹುತೇಕ ಸರಕುಗಳನ್ನು ಶೇ 5 ಮತ್ತು ಶೇ 18ಕ್ಕೆ ತಂದರು. ಟ್ರ್ಯಾಕ್ಟರ್, ಹನಿ ನೀರಾವರಿ ಉಪಕರಣಗಳು ಶೇ 12ರಿಂದ ಶೇ 5ಕ್ಕೆ ಇಳಿದವು. ಮುಂಡರಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಹನಿ ನೀರಾವರಿಯ ಪೈಪು ಮಾರುವ ಅಂಗಡಿಗೆ ಅಂದು ಬೇಕಾದದ್ದು ಬರೀ ಹೊಸ ದರವಲ್ಲ. ಸೆಪ್ಟೆಂಬರ್ 10ರಂದು ಶೇ 12ರಲ್ಲಿ ಒಯ್ದ ಮಾಲನ್ನು ರೈತ 25ರಂದು ಮರಳಿ ತಂದರೆ, ತಿರುವಳಿಯನ್ನು ಹಳೆಯ ಬಿಲ್ಲಿನ ದರದಲ್ಲೇ ಮಾಡಬೇಕು. ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸಿದರೆ ಹಳೆಯ ದರವೇ ಬರಬೇಕು. ಶೇ 12 ಇದ್ದಲ್ಲೆಲ್ಲ ಶೇ 5 ಎಂದು ಒರೆಸಿ ಬರೆದವನ ಸಾಫ್ಟ್‌ವೇರ್ ಹಿಂದಿನ ಬಿಲ್ಲುಗಳನ್ನೂ ಸುಳ್ಳಾಗಿಸುತ್ತದೆ. ‘ಈ ಸರಕು, ಈ ದಿನದಿಂದ, ಈ ದರ’ ಎಂದು ಮೂರು ಕಾಲಂಗಳ ಒಂದು ಪಟ್ಟಿ, ಅದನ್ನು ನೋಡಿ ದರ ಹೇಳುವ ಒಂದೇ ಭಾಗ, ಉಳಿದ ಭಾಗಗಳೆಲ್ಲ ಅದನ್ನೇ ಕೇಳಿ ತಿಳಿಯಬೇಕೆಂಬ ಒಂದೇ ಕಟ್ಟಳೆ. ಇಷ್ಟಿದ್ದರೆ ಮಾಲೀಕ ತಾನೇ ಒಂದು ಸಾಲು ಸೇರಿಸಿ ಮುಗಿಸುತ್ತಾನೆ.

ಇಲ್ಲಿ ಕೆಲವರು ಅಡ್ಡ ಬರುತ್ತಾರೆ: ‘ಟ್ಯಾಲಿ ಐತಲ್ರಿ, ಅದ ಸಾಕು.’ ಇರಲಿ, ಟ್ಯಾಲಿಯನ್ನೇ ನೋಡೋಣ. 1986ರಲ್ಲಿ ಆರಂಭವಾದ ಬೆಂಗಳೂರಿನ ಈ ಕಂಪನಿಯ ಸಾಫ್ಟ್‌ವೇರ್ ಇಷ್ಟು ವರ್ಷ ನಮ್ಮ ಅಂಗಡಿಗಳಲ್ಲಿ ಉಳಿದದ್ದು ಹೇಗೆ? ಲೆಕ್ಕದ ತಿರುಳನ್ನು ಒಂದು ಕಡೆ ಇಟ್ಟು, ಒಂದೊಂದು ಅಂಗಡಿಗೆ ಬೇಕಾದ ಬಿಲ್ಲಿನ ನಮೂನೆ, ಹೆಚ್ಚುವರಿ ಕಾಲಂ, ವಿಶೇಷ ವರದಿಗಳನ್ನು ಟಿಡಿಎಲ್ ಎಂಬ ಬೇರೆಯದೇ ಪದರದಲ್ಲಿ ಬರೆಯಲು ಅದು ಅವಕಾಶ ಕೊಟ್ಟಿದೆ. ಸ್ಥಳೀಯ ಹುಡುಗ ಟಿಡಿಎಲ್‌ನಲ್ಲಿ ಬರೆದದ್ದು ತಿರುಳನ್ನು ಮುಟ್ಟುವುದಿಲ್ಲ. ಜಿಎಸ್‌ಟಿ ಬಂದಾಗ ಟ್ಯಾಲಿ ಇಆರ್‌ಪಿ 9ರ ರಿಲೀಸ್ 6 ಬಂತು, ತಿರುಳು ಬದಲಾಯಿತು, ಅಂಗಡಿಗಳು ಮುಂದೆ ಸಾಗಿದವು. ಬಿಡಿಭಾಗಗಳ ವಿರುದ್ಧ ಟ್ಯಾಲಿಯನ್ನು ಸಾಕ್ಷಿಗೆ ಕರೆಯುವವರು ನನ್ನ ಪರವಾಗಿಯೇ ಸಾಕ್ಷಿ ನುಡಿಸುತ್ತಿದ್ದಾರೆ.

ಗದಗಿಗೆ ಈ ಪಾಠವನ್ನು ಎಲ್ಲಕ್ಕಿಂತ ಕಹಿಯಾಗಿ ಕಲಿಸಿದ್ದು ಅಕ್ಷರ. ಮುದ್ರಣ ಕಾಶಿ ಎಂದು ಹೆಸರಾದ ಊರು ಇದು. ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿ ಬಂದಾಗ ನಮ್ಮ ಪ್ರೆಸ್ಸುಗಳು ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂದು ಒಂದೊಂದು ಒಂದೊಂದನ್ನು ಹಿಡಿದವು. ಆ ಕಾಲದ ಕಂಪ್ಯೂಟರಿಗೆ ಕನ್ನಡ ತಿಳಿಯದಿದ್ದುದರಿಂದ, ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಲಿಪಿಗಳ ಜಾಗದಲ್ಲಿ ಕೂರಿಸಿ ಕೆಲಸ ಸಾಗಿಸಿದರು. ಅಂದಿನ ಮಿತಿಯಲ್ಲಿ ಅದು ದೊಡ್ಡ ಸಾಧನೆಯೇ. ಕನ್ನಡ ಕಂಪ್ಯೂಟರಿಗೆ ಕಾಲಿಟ್ಟದ್ದೇ ಹಾಗೆ. ಆದರೆ ವ್ಯವಸ್ಥೆಯ ಬುಡದಲ್ಲೊಂದು ದೋಷವಿತ್ತು: ಪಠ್ಯ ಏನು ಎಂಬುದೂ ಅದು ಹೇಗೆ ಕಾಣಬೇಕು ಎಂಬುದೂ ಒಂದರಲ್ಲೊಂದು ಬೆಸೆದುಹೋಗಿದ್ದವು.

ಹಳೆಯ ನುಡಿ ಅಕ್ಷರದಲ್ಲಿ ‘ಗದಗ’ ಎಂದು ಹೊಡೆದರೆ ಫೈಲಿನಲ್ಲಿ ಉಳಿಯುತ್ತಿದ್ದದ್ದು ಮೂರು ಅಕ್ಷರಗಳಲ್ಲ, ಆರು ಸಂಕೇತಗಳು. ಗಕಾರದ ಒಡಲಿಗೆ ಒಂದು, ತಲೆಕಟ್ಟಿಗೆ ಒಂದು. ದಕಾರದ ಒಡಲಿಗೆ ಒಂದು, ತಲೆಕಟ್ಟಿಗೆ ಒಂದು. ಮತ್ತೆ ಗಕಾರಕ್ಕೆ ಎರಡು. ಕಂಪ್ಯೂಟರಿಗೆ ಅದು ಊರಿನ ಹೆಸರಲ್ಲ, ಚಿತ್ರದ ಚೂರುಗಳು. ಆ ಫಾಂಟು ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ತುಂಡುಗಳ ಸಂಕೇತದ ಕ್ರಮದಲ್ಲಿ ಜೋಡಿಸುತ್ತಿತ್ತು. ಶ್ರೀಲಿಪಿಯಲ್ಲಿ ಮಾಡಿದ ಪುಸ್ತಕವನ್ನು ನುಡಿ ಇರುವ ಪ್ರೆಸ್ಸಿನಲ್ಲಿ ತಿದ್ದುವುದು ಆಗದ ಮಾತು. ಮರುಮುದ್ರಣ ಎಂದರೆ ಎಷ್ಟೋ ಸಲ ಮೊದಲಿನಿಂದ ಟೈಪು ಮಾಡುವುದೇ ಆಗಿತ್ತು.

ಯೂನಿಕೋಡ್ ಮಾಡಿದ್ದೇನು? ಬೆಸೆದದ್ದನ್ನು ಬಿಡಿಸಿತು. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ‘ಗದಗ’ ಎಂದರೆ ಮೂರು ಅಕ್ಷರಗಳಿಗೆ ಮೂರೇ ಸಂಕೇತ. ಸಂಗ್ರಹವಾಗುವುದು ಪಠ್ಯ ಮಾತ್ರ. ಒತ್ತಕ್ಷರ, ಗುಣಿತ ಹೇಗೆ ಕಾಣಬೇಕು ಎಂಬುದು ಫಾಂಟಿನ ಕೆಲಸ. ಯಾವ ಕೀಲಿಯನ್ನು ಒತ್ತಿದರೆ ಏನು ಮೂಡಬೇಕು ಎಂಬುದು ಕೀಲಿಮಣೆ ತಂತ್ರಾಂಶದ ಕೆಲಸ. ಮೂರೂ ಬೇರೆ ಬೇರೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬೆರಳು ಪಳಗಿದವನು ಅದೇ ಬೆರಳಿನಲ್ಲಿ ಇಂದು ಯೂನಿಕೋಡ್ ಬರೆಯುತ್ತಾನೆ. ಫಾಂಟು ಬದಲಾದರೆ ಪಠ್ಯ ಕೆಡುವುದಿಲ್ಲ, ಕೀಲಿಮಣೆ ಬದಲಾದರೆ ಫಾಂಟಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳೂ ಬಂದವು. ಆದರೆ ಅರ್ಕಾವತ್ತಿನಂಥ ಕಡೆ ತಪ್ಪಿ, ಪುಟಪುಟವನ್ನೂ ಕಣ್ಣಿಟ್ಟು ತಿದ್ದಬೇಕಾಯಿತು. ಒಂದು ತೀರ್ಮಾನವನ್ನು ಇನ್ನೊಂದರೊಳಗೆ ಬೆಸೆದದ್ದಕ್ಕೆ ಒಂದು ನುಡಿಯ ಮುದ್ರಣ ಲೋಕವೇ ದಂಡ ತೆತ್ತಿತು. ಕಣ್ಣೆದುರಿಗೆ ನಡೆದ ಈ ಕಥೆಯ ಮೇಲೂ ‘ಮಾಡ್ಯೂಲ್ ನಮಗ್ಯಾಕ’ ಎಂದು ಗದಗಿನವರೇ ಕೇಳುವುದು ನನಗೆ ನೋವಿನ ಸಂಗತಿ.

ಇನ್ನು ಎದುರು ವಾದಗಳನ್ನು ಒಂದೊಂದಾಗಿ ನೋಡೋಣ.

‘ಬಿಡಿಭಾಗ ಮಾಡಿ ಬರೆಯಲು ಹೆಚ್ಚು ಸಮಯ ಬೇಕು, ಗಿರಾಕಿ ಅದಕ್ಕೆ ದುಡ್ಡು ಕೊಡುವುದಿಲ್ಲ.’ ಮೊದಲ ಸಲ ಸ್ವಲ್ಪ ಹೆಚ್ಚು ಬೇಕು, ಒಪ್ಪುತ್ತೇನೆ. ಆದರೆ ಸಾಫ್ಟ್‌ವೇರಿನ ಖರ್ಚು ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ. ಸೆಸ್ ಬದಲಾದ ದಿನ, ತಾಲ್ಲೂಕು ಬದಲಾದ ದಿನ, ಪ್ರಿಂಟರ್ ಬದಲಾದ ದಿನ ಮತ್ತೆ ಮತ್ತೆ ಕೊಡಬೇಕು. ಅದೂ ಸುಗ್ಗಿಯ ನಡುವೆ, ಮಂಡಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ. ಅವಸರದಲ್ಲಿ ಮಾಡಿದ ಒಂದು ತಿದ್ದುಪಡಿ ಇನ್ನೆಲ್ಲೋ ಒಂದನ್ನು ಮುರಿಯುತ್ತದೆ, ಅದನ್ನು ಸರಿಪಡಿಸಲು ಹೋಗಿ ಮತ್ತೊಂದು. ಗಿರಾಕಿ ದುಡ್ಡು ಕೊಡುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅವನು ಕೊಡುತ್ತಾನೆ, ಕಂತಿನಲ್ಲಿ, ಬೈದುಕೊಂಡು, ಕೊನೆಗೆ ಇಡೀ ಸಾಫ್ಟ್‌ವೇರನ್ನೇ ಎಸೆದು. ಮೊದಲೇ ಈ ಲೆಕ್ಕವನ್ನು ಅವನ ಮುಂದೆ ಇಟ್ಟವರೆಷ್ಟು ಮಂದಿ? ದಲಾಲಿ ಅಂಗಡಿಯ ಸಾವಕಾರನಿಗೆ ಬಡ್ಡಿಯ ಲೆಕ್ಕ ಅರ್ಥವಾಗುವುದಿಲ್ಲ ಎಂದು ಯಾರೂ ಹೇಳಲಾರರು.

‘ನಾನೇ ಇದ್ದೀನಲ್ಲ, ಫೋನ್ ಮಾಡ್ರಿ.’ ಬರೆದವನ ಈ ಭರವಸೆ ಪ್ರಾಮಾಣಿಕವಾದದ್ದೇ ಇರಬಹುದು. ಆದರೂ ಒಬ್ಬ ಮನುಷ್ಯನ ನೆನಪಿನ ಮೇಲೆ ಒಂದು ಸಂಸ್ಥೆಯ ಲೆಕ್ಕ ನಿಲ್ಲಬಾರದು. ಅವನಿಗೂ ಮದುವೆಯಾಗುತ್ತದೆ, ಬೇರೆ ಕೆಲಸ ಸಿಗುತ್ತದೆ, ಕಾಯಿಲೆ ಬರುತ್ತದೆ. ಮೂರು ವರ್ಷದ ಹಿಂದೆ ತಾನೇ ಬರೆದ ಗೋಜಲು ಅವನಿಗೂ ಅಪರಿಚಿತವಾಗಿರುತ್ತದೆ. ಗಿರಾಕಿಯನ್ನು ತನಗೆ ಕಟ್ಟಿಹಾಕಿಕೊಳ್ಳಲು ಗೋಜಲನ್ನು ಬೇಕೆಂದೇ ಉಳಿಸಿಕೊಳ್ಳುವವರೂ ಇದ್ದಾರೆ. ಅದು ವ್ಯಾಪಾರವಲ್ಲ, ಅಡವು ಇಟ್ಟುಕೊಳ್ಳುವುದು.

‘ಕೆಟ್ಟರೆ ಮೊದಲಿನಿಂದ ಬರೆದರಾಯಿತು. ಈಗಂತೂ ಎಐ ಇದೆ, ಒಂದು ಸಂಜೆಯಲ್ಲಿ ಬರೆದುಕೊಡುತ್ತದೆ.’ ಹೊಸದಾಗಿ ಹೇಳಲಾಗುತ್ತಿರುವ, ಯುವಕರ ಮನಸ್ಸಿಗೆ ಬೇಗ ಹಿಡಿಸುವ ವಾದ ಇದು. ಎಐ ಕೋಡ್ ಬರೆಯುತ್ತದೆ, ಅನುಮಾನವಿಲ್ಲ. ಆದರೆ ಆ ಅಂಗಡಿಯಲ್ಲಿ ಹಮಾಲಿಯನ್ನು ಚೀಲದ ಲೆಕ್ಕಕ್ಕೆ ಹಿಡಿಯುತ್ತಾರೋ ಕ್ವಿಂಟಲ್ ಲೆಕ್ಕಕ್ಕೋ, ಯಾವ ಖರೀದಿದಾರನಿಗೆ ಎಷ್ಟು ದಿನದ ವಾಯಿದೆ, ಹಬ್ಬದ ರಜೆಯಲ್ಲಿ ಬಡ್ಡಿ ಎಣಿಸುತ್ತಾರೋ ಇಲ್ಲವೋ ಎಂಬುದೆಲ್ಲ ಹಳೆಯ ಕೋಡಿನ ಮೂಲೆಮೂಲೆಗಳಲ್ಲಿ ಅಡಗಿದೆ. ಮೊದಲಿನಿಂದ ಬರೆಯುವುದೆಂದರೆ ಆ ತಿಳಿವಳಿಕೆಯನ್ನೆಲ್ಲ ಮೊದಲಿನಿಂದ ಕೂಡಿಹಾಕುವುದು, ಹತ್ತು ವರ್ಷದ ಹಳೆಯ ಲೆಕ್ಕವನ್ನು ಹೊಸದರೊಳಗೆ ತಪ್ಪಿಲ್ಲದೆ ಇಳಿಸುವುದು. ಎಐ ಕೊಟ್ಟದ್ದು ಸರಿಯೋ ಎಂದು ನೋಡುವುದಕ್ಕೂ ಮನುಷ್ಯ ಅದನ್ನು ಓದಿ ತಿಳಿಯಬೇಕು. ಒಂದೇ ಕೆಲಸ ಮಾಡುವ ಸಣ್ಣ ಭಾಗವನ್ನು ಓದಿ, ನಾಲ್ಕು ಲೆಕ್ಕ ಕೊಟ್ಟು ಪರೀಕ್ಷಿಸಬಹುದು. ಸಾವಿರಾರು ಸಾಲುಗಳ ಗೋಜಲನ್ನು ಯಂತ್ರ ಬರೆದರೂ ಗೋಜಲೇ, ಮನುಷ್ಯ ಬರೆದರೂ ಗೋಜಲೇ.

‘ತುಂಡು ಹೆಚ್ಚಾದರೆ ತಲೆನೋವೂ ಹೆಚ್ಚು.’ ಈ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ತುಣುಕನ್ನು ಅದರ ಲೇಖಕ ಹಿಂತೆಗೆದಾಗ, ಅದನ್ನು ನೆಚ್ಚಿದ್ದ ಲೆಕ್ಕವಿಲ್ಲದಷ್ಟು ಜಾವಾಸ್ಕ್ರಿಪ್ಟ್ ಯೋಜನೆಗಳು ನಿಂತುಹೋದವು. ಅಮೆಜಾನಿನ ಪ್ರೈಮ್ ವಿಡಿಯೋ ತಂಡವೊಂದು, ವಿಡಿಯೋ ಗುಣಮಟ್ಟ ನೋಡುವ ತನ್ನ ವ್ಯವಸ್ಥೆಯನ್ನು ಬೇರೆ ಬೇರೆ ಸೇವೆಗಳಾಗಿ ಹರಡಿದ್ದು ದುಬಾರಿಯಾಯಿತೆಂದು ಎಲ್ಲವನ್ನೂ ಒಂದೇ ಪ್ರೋಗ್ರಾಮಿನೊಳಗೆ ತಂದು, ಖರ್ಚು ಶೇ 90ಕ್ಕೂ ಹೆಚ್ಚು ಇಳಿಯಿತೆಂದು 2023ರಲ್ಲಿ ಬರೆದುಕೊಂಡಿತು. ಇದನ್ನು ಓದಿ ‘ನೋಡ್ರಿ, ಮಾಡ್ಯೂಲ್ ಸೋತಿತು’ ಎಂದವರು ತಪ್ಪು ಓದಿದರು. ಅಲ್ಲಿ ಭಾಗಗಳು ಉಳಿದವು. ಬೇರೆ ಬೇರೆ ಯಂತ್ರಗಳಲ್ಲಿ ಓಡುವುದು ಮಾತ್ರ ನಿಂತಿತು. ಗದಗಿನ ಅಂಗಡಿಗೆ ಹತ್ತು ಸರ್ವರ್ ಬೇಡ, ಮೈಕ್ರೋಸರ್ವೀಸ್ ಬೇಡ. ಒಂದೇ ಯಂತ್ರ, ಒಂದೇ ಪ್ರೋಗ್ರಾಂ ಸಾಕು. ಅದರೊಳಗೆ ದರ ಹೇಳುವ ಭಾಗ, ಬಿಲ್ ಲೆಕ್ಕ ಹಾಕುವ ಭಾಗ, ಮುದ್ರಿಸುವ ಭಾಗ, ಕೂಡಿಡುವ ಭಾಗ ಎಂದು ಗೆರೆಗಳು ಸ್ಪಷ್ಟವಿರಬೇಕು. ಲೆಕ್ಕ ಹಾಕುವ ಭಾಗಕ್ಕೆ ಪ್ರಿಂಟರ್ ಯಾವುದೆಂದು ಗೊತ್ತಿರಬಾರದು. ಮುದ್ರಿಸುವ ಭಾಗಕ್ಕೆ ಸೆಸ್ ಎಷ್ಟೆಂದು ಗೊತ್ತಿರಬಾರದು.

ನಮ್ಮ ಮಂಡಿಯ ಹಿರಿಯರು ಇದನ್ನು ಕಂಪ್ಯೂಟರ್ ಇಲ್ಲದೆಯೇ ನಡೆಸಿದ್ದರು. ದಿನದ ವ್ಯವಹಾರ ಕೀರ್ದಿಯಲ್ಲಿ, ಆಸಾಮಿವಾರು ಲೆಕ್ಕ ಖತಾವಣಿಯಲ್ಲಿ. ಕೀರ್ದಿ ಬರೆಯುವವನು ಯಾರ ಬಾಕಿ ಎಷ್ಟೆಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಖತಾವಣಿ ಎತ್ತುವವನು ಕೀರ್ದಿಯನ್ನು ತಿದ್ದುತ್ತಿರಲಿಲ್ಲ. ದಿವಾನಜಿ ಬದಲಾದರೂ ಹೊಸಬ ಬಂದು ವಹಿ ತೆರೆದರೆ ಲೆಕ್ಕ ತಿಳಿಯುತ್ತಿತ್ತು. ಅಂಥ ಶಿಸ್ತಿನ ಕೈಯಿಂದ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ನಾವು ಆ ಶಿಸ್ತನ್ನೇ ಕೈಬಿಟ್ಟೆವು.

ಈ ವಿಷಯ ಈಗ ತುರ್ತಾಗಿರುವುದಕ್ಕೆ ಕಾರಣ ಸಹಕಾರ ಸಂಘಗಳು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಕೇಂದ್ರ ಸರ್ಕಾರ 2022ರಲ್ಲಿ ಅಂಥ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಕಂಪ್ಯೂಟರೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಬೆನ್ನಿಗೇ ಬಂದ ಮಾದರಿ ಉಪವಿಧಿಗಳು ಸಂಘಗಳು 25ಕ್ಕೂ ಹೆಚ್ಚು ಬಗೆಯ ಚಟುವಟಿಕೆ ನಡೆಸಲು ದಾರಿ ಮಾಡಿದವು. ಇಂದು ಸಾಲ ಮತ್ತು ಗೊಬ್ಬರ ನೋಡುತ್ತಿರುವ ಸಂಘ ನಾಳೆ ಗೋದಾಮು ನಡೆಸಬಹುದು, ನಾಡಿದ್ದು ಪೆಟ್ರೋಲ್ ಬಂಕ್. ನಮ್ಮ ರಾಜ್ಯದಲ್ಲೇ ಬಡ್ಡಿರಹಿತ ಬೆಳೆ ಸಾಲದ ಮಿತಿ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಸಾಲದ ಮಿತಿ, ಬಡ್ಡಿ, ಸಹಾಯಧನ ಎಲ್ಲವೂ ಮುಂದಿನ ಬಜೆಟ್‌ಗಳಲ್ಲಿ ಮತ್ತೆ ಬದಲಾಗುತ್ತವೆ. ಗೋದಾಮಿನ ಲೆಕ್ಕ ಸೇರಿಸಲು ಹೋಗಿ ರೈತರ ಠೇವಣಿಯ ಲೆಕ್ಕ ಅಲುಗುವಂತಿದ್ದರೆ ಆ ಸಂಘದ ಮೇಲೆ ಜನರ ನಂಬಿಕೆ ಎಷ್ಟು ದಿನ ಉಳಿದೀತು? ಠೇವಣಿ, ಸಾಲ, ವ್ಯಾಪಾರ ಮೂರೂ ಬೇರೆ ಬೇರೆ ಭಾಗಗಳಲ್ಲಿದ್ದು, ಗೊತ್ತುಮಾಡಿದ ದಾರಿಯಲ್ಲಷ್ಟೇ ಒಂದಕ್ಕೊಂದು ಮಾಹಿತಿ ಕೊಡುವಂತಿರಬೇಕು.

ಸರ್ಕಾರಿ ವ್ಯವಸ್ಥೆಗಳಲ್ಲಿ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಇದೆ. ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಅಳತೆಗೆ ಮೋಜಿಣಿ ಎಂದು ಮೂರು ಕೆಲಸಕ್ಕೆ ಮೂರು ವ್ಯವಸ್ಥೆಗಳು. ಅವು ಪರಸ್ಪರ ಮಾಹಿತಿ ಕೊಟ್ಟುಕೊಳ್ಳುತ್ತವೆ, ಒಂದರ ಹೊಟ್ಟೆಯೊಳಗೆ ಇನ್ನೊಂದು ಕೈ ಹಾಕುವುದಿಲ್ಲ. 2023ರಲ್ಲಿ ಕಾವೇರಿ 2.0 ಬಂದಾಗ ಭೂಮಿಯ ಪಹಣಿಗಳ ದಾಖಲೆಯನ್ನು ಎಸೆದು ಹೊಸದಾಗಿ ಶುರುಮಾಡಬೇಕಾಗಲಿಲ್ಲ. ಇವುಗಳಲ್ಲೂ ಕುಂದುಕೊರತೆ ಇವೆ, ನಾಡಕಚೇರಿಯ ಸರದಿಯಲ್ಲಿ ನಿಂತವರಿಗೆ ಅದು ಗೊತ್ತು. ಆದರೆ ಒಂದನ್ನು ಕಿತ್ತು ಹೊಸದನ್ನು ಕೂರಿಸಬಹುದಾದ ಗುಣವೇ ಅವನ್ನು ಉಳಿಸಿದೆ.

ಗದಗ ಮತ್ತು ಲಕ್ಷ್ಮೇಶ್ವರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಮಾಡ್ಯೂಲ್ ಎಂಬುದನ್ನು ಪರೀಕ್ಷೆಯ ಎರಡು ಅಂಕದ ವ್ಯಾಖ್ಯೆ ಎಂದು ಬಿಡಬೇಡಿ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟನ್ನು ಊರಿನ ಒಂದು ಅಂಗಡಿಗೋ ಸಂಘಕ್ಕೋ ಮಾಡಿ, ಮುಗಿದ ಮೇಲೆ ಗೆಳೆಯನ ಕೈಗೆ ಕೊಟ್ಟು ‘ಸೆಸ್ ಬದಲಾಯಿತು, ತಿದ್ದು’ ಎನ್ನಿ. ನಿಮ್ಮನ್ನು ಒಂದೂ ಮಾತು ಕೇಳದೆ, ಒಂದೇ ಕಡೆ ಮುಟ್ಟಿ ಅವನು ಮುಗಿಸಿದರೆ ನಿಮಗೆ ಸಾಫ್ಟ್‌ವೇರ್ ಬರೆಯಲು ಬಂತು ಎಂದು ಅರ್ಥ.

ಅಂಗಡಿಯ ಮಾಲೀಕರಿಗೆ, ಸಂಘದ ಆಡಳಿತ ಮಂಡಳಿಗಳಿಗೆ ಹೇಳುವುದಿಷ್ಟು. ಸಾಫ್ಟ್‌ವೇರ್ ಮಾಡಿಸುವ ಮುನ್ನ ಮುಂಗಡದ ಜೊತೆಗೆ ನಾಲ್ಕು ಮಾತು ಕರಾರಿನಲ್ಲಿ ಬರೆಸಿ: ದರಗಳು, ಮಿತಿಗಳು, ಊರು-ತಾಲ್ಲೂಕುಗಳು ಕೋಡಿನ ಹೊರಗೆ ಪಟ್ಟಿಯಲ್ಲಿರಬೇಕು, ಒಂದು ಲೆಕ್ಕದ ಸೂತ್ರ ಒಂದೇ ಕಡೆ ಇರಬೇಕು, ಕನ್ನಡ ಪಠ್ಯ ಯೂನಿಕೋಡಿನಲ್ಲಿರಬೇಕು, ಮೂಲ ಕೋಡು ಮತ್ತು ಯಾವ ಭಾಗ ಏನು ಮಾಡುತ್ತದೆ ಎಂಬ ಎರಡು ಪುಟದ ಕನ್ನಡ ಬರಹ ನಮ್ಮ ಕೈಸೇರಬೇಕು. ಇದಕ್ಕೆ ಒಪ್ಪದವನಿಂದ ಕೊಳ್ಳಬೇಡಿ, ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಇವತ್ತು ನಡೆಯುವುದನ್ನು ಯಾರು ಬೇಕಾದರೂ ಮಾಡಿಕೊಡುತ್ತಾರೆ. ಬರೆದವನು ಊರು ಬಿಟ್ಟ ಮೇಲೂ, ಕಾಯ್ದೆ ಬದಲಾದ ಮೇಲೂ ಇನ್ನೊಬ್ಬರು ತಿದ್ದಿ ನಡೆಸಬಹುದಾದದ್ದನ್ನು ಮಾಡಿಕೊಡುವವನಿಗೇ ನಿಮ್ಮ ದುಡ್ಡು ಸಲ್ಲಬೇಕು.